ಗುಲ್ವಾಡಿಯಿಂದ ಬರುತ್ತಿದ್ದ ಮೊಟ್ಟೆ

ಮೊನ್ನೆ ಭಾನುವಾರ ನನ್ನ ಯಜಮಾನರು ಬ್ರಹ್ಮಾವರ ಪೇಟೆಯಿಂದ ಊರಕೋಳಿಯ ಮೊಟ್ಟೆ ತಂದಿದ್ದರು. ಬೆಳಗಿನ ದೋಸೆಯ ಜೊತೆಗೆ ಆಮ್ಲೆಟ್ ಆಗಲಿ ಎಂದು ಸ್ಟೀಲಿನ ಪಾತ್ರೆಗೆ ಒಡೆದು ಹಾಕಿ ಚಮಚದಲ್ಲಿ ಕಲಕುತ್ತಿದ್ದೆ. ಹಸಿ ಮೊಟ್ಟೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ದಿನಾ ಮೀನು ತೊಳೆಯುವ ಕೈ ನನ್ನದು, ಇಂಥದ್ದಕ್ಕೆಲ್ಲ ಮೂಗು ಮುರಿಯುವವಳಲ್ಲ. ಆದರೂ ಕಲಕುತ್ತಿದ್ದ ಕೈ ನಿಂತುಹೋಯಿತು.

"ಎಂತ ಆಯ್ತೇ, ಕೊಳ್ತ್ ಹೋಯಿತ್ತಾ?" ಎಂದರು ಯಜಮಾನರು.

"ಮೊಟ್ಟಿ ಸರಿ ಇತ್ತ್. ನೀವ್ ಸುಮ್ನೆ ಕೂಕಣಿ" ಎಂದೆ. ಪಾಪ, ಅವರದೇನು ತಪ್ಪು. ನನಗೆ ದುಃಖ ಬಂದಾಗಲೆಲ್ಲ ಬಾಯಿಂದ ಸಿಡುಕೇ ಬರುವುದು. ಆಮ್ಲೆಟ್ ಅವರಿಗೆ ಬಡಿಸಿದೆ, ನಾನು ಬರೀ ಚಟ್ನಿಯಲ್ಲಿ ದೋಸೆ ತಿಂದೆ. ಇಡೀ ದಿನ ಆ ಮೊಟ್ಟೆ ಅಕ್ಕನೇ ಕಣ್ಣ ಮುಂದೆ…

ನಾನು ಕುಂದಾಪುರದ ಒಂದು ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಸೇರಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ನನ್ನ ಪಾಲಿಗೆ ಬಂದದ್ದು ರೋಗಾಣು ಬೆಳೆಸುವ ಕೋಣೆ. ಜನರ ಕಫದಲ್ಲಿ, ಕೀವಿನಲ್ಲಿ, ರಕ್ತದಲ್ಲಿ ಯಾವ ರೋಗಾಣು ಇದೆ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಬೇಕಾದರೆ ಮೊದಲು ಅದನ್ನು ಸಾಕಬೇಕು. ಸಾಕಬೇಕಾದರೆ ಊಟ ಹಾಕಬೇಕು. ಆ ಊಟಕ್ಕೆ ಪುಸ್ತಕದಲ್ಲಿ ಕಲ್ಚರ್ ಮೀಡಿಯಾ ಎಂದು ಹೆಸರು, ನಾನು ಮಾತ್ರ ಅಡುಗೆ ಎಂದೇ ಹೇಳುತ್ತಿದ್ದೆ. ಒಂದಕ್ಕೆ ಕುರಿಯ ರಕ್ತ ಬೆರೆಸಿ ಕೊಡಬೇಕು, ಇನ್ನೊಂದಕ್ಕೆ ಅದೇ ರಕ್ತವನ್ನು ಬಿಸಿ ಮಾಡಿ ಕಂದು ಬಣ್ಣಕ್ಕೆ ತರಬೇಕು, ಮತ್ತೊಂದಕ್ಕೆ ಮಾಂಸದ ಸಾರು ಸಾಕು. ಮದುವೆಮನೆಗೆ ಬಂದ ಗಂಡಿನ ಕಡೆಯವರಿಗೂ ಇಷ್ಟು ಸೊಕ್ಕು ಇರಲಿಕ್ಕಿಲ್ಲ. ಅವುಗಳಲ್ಲೆಲ್ಲ ದೊಡ್ಡಸ್ತಿಕೆ ಎಂದರೆ ಕ್ಷಯದ ರೋಗಾಣುವಿನದು. ಅದಕ್ಕೆ ಮೊಟ್ಟೆಯೇ ಆಗಬೇಕು.

ಮೊಟ್ಟೆಯನ್ನು ಸೋಪಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಒಡೆದು ಕಲಕಿ, ಬಟ್ಟೆಯಲ್ಲಿ ಸೋಸುವುದು. ಉಪ್ಪುಗಳ ನೀರು, ಚಿಟಿಕೆ ಹಸಿರು ಬಣ್ಣ ಸೇರಿಸುವುದು. ಸಣ್ಣ ಗಾಜಿನ ಬಾಟಲಿಗಳಿಗೆ ಹೊಯ್ದು, ಓರೆಯಾಗಿ ಮಲಗಿಸಿ ಹದವಾದ ಬಿಸಿಯಲ್ಲಿ ಗಟ್ಟಿ ಮಾಡುವುದು. ತಣಿದ ಮೇಲೆ ತಿಳಿಹಸಿರು ಗಿಣ್ಣಿನ ಹಾಗೆ ಕಾಣುತ್ತಿತ್ತು. ಅದರ ಮೇಲೆ ರೋಗಿಯ ಕಫ ಹಚ್ಚಿ, ಮನುಷ್ಯನ ಮೈಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿಟ್ಟು ಕಾಯುವುದು. ಬೇರೆ ರೋಗಾಣುಗಳು ಒಂದೆರಡು ದಿನದಲ್ಲಿ ಮುಖ ತೋರಿಸಿದರೆ, ಈ ಮಹಾರಾಯ ಒಂದೂವರೆ ಎರಡು ತಿಂಗಳು ಕಾಯಿಸುತ್ತಾನೆ.

ಅಂಗಡಿಯ ಫಾರಂ ಮೊಟ್ಟೆ ಇದಕ್ಕೆ ಆಗುವುದಿಲ್ಲ. ಆ ಕೋಳಿಗಳ ಮೇವಿಗೆ ಔಷಧಿ ಬೆರೆಸಿರುತ್ತಾರೆ, ಅದರ ಅಂಶ ಮೊಟ್ಟೆಗೆ ಬರುತ್ತದೆ. ಔಷಧಿ ಇರುವ ಊಟ ಹಾಕಿದರೆ ರೋಗಾಣು ಬೆಳೆಯುವುದೆಲ್ಲಿಂದ? ಅದಕ್ಕಾಗಿ ನಮ್ಮ ಡಾಕ್ಟರು ಊರಕೋಳಿಯ ಮೊಟ್ಟೆಗೆ ಹುಡುಕುತ್ತಿದ್ದರು. ಆಗ ಸಿಕ್ಕವಳು ಅವಳು.

ಗುಲ್ವಾಡಿಯವಳು. ಹೊಳೆಮೀನು ಬುಟ್ಟಿಯಲ್ಲಿ ಹೊತ್ತು ಕುಂದಾಪುರಕ್ಕೆ ಮಾರಲು ಬರುತ್ತಿದ್ದಳು. ಬುಟ್ಟಿಯ ಜೊತೆಗೆ ಕೈಯಲ್ಲೊಂದು ತಗಡಿನ ಡಬ್ಬಿ, ಡಬ್ಬಿಯಲ್ಲಿ ತವುಡು, ತವುಡಿನೊಳಗೆ ಮೊಟ್ಟೆ. ಗೇಟಿನಿಂದಲೇ ಕೂಗುವುದು: "ಹ್ವಾಯ್, ಲ್ಯಾಬಿನ್ ಹೆಣ್ಣೇ! ಮೊಟ್ಟಿ ಬಂದಿತ್ ಕಾಣ್!" ಒಳಗೆ ರೋಗಿಗಳು ಮಲಗಿದ್ದಾರೆ, ಮೆಲ್ಲ ಮಾತಾಡು ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳಿರಬೇಕು. ಎಲೆಯಡಿಕೆಗೆ ಕೆಂಪಾದ ತುಟಿ, ಬಿಸಿಲಿಗೆ ಕಪ್ಪಾದ ಮುಖ, ಯಾವಾಗಲೂ ಯಾರನ್ನಾದರೂ ತಮಾಷೆ ಮಾಡುವ ಬಾಯಿ. ನಾನು ಮೊಟ್ಟೆ ಅಕ್ಕ ಎಂದು ಕರೆದೆ, ಆಸ್ಪತ್ರೆಗೆಲ್ಲ ಅದೇ ಹೆಸರಾಯಿತು.

ಮೊಟ್ಟೆ ಯಾಕೆ ಎಂದು ತಿಳಿದ ದಿನ ಅವಳು ಬುಟ್ಟಿ ಕೆಳಗಿಟ್ಟು ನಕ್ಕದ್ದು ನನಗಿನ್ನೂ ಕೇಳಿಸುತ್ತದೆ. "ಅಯ್ಯಬ್ಯಾ! ನಿಮ್ಮ್ ಹುಳಕ್ಕೆ ಬಾಯಿ ರುಚಿ ಇತ್ತ್ ಮಾರಾಯ್ತಿ. ನಮ್ ಕೇರಿಯಂಗೆ ಮೊಟ್ಟಿ ಕಾಣದ್ ಮಕ್ಳ್ ಎಷ್ಟ್ ಇದ್ದೊ, ಇಲ್ ಕಂಡ್ರೆ ಕ್ಷಯದ್ ಹುಳಕ್ಕೆ ಊರ್ಕೋಳಿ ಮೊಟ್ಟಿ!"

ಆದರೆ ಒಪ್ಪಿಕೊಂಡ ಮೇಲೆ ಅವಳ ನಿಯತ್ತು ನಿಯತ್ತೇ. ಕೋಳಿಗೆ ಯಾವ ಮದ್ದೂ ಹಾಕಬಾರದು ಎಂದು ಡಾಕ್ಟರು ಹೇಳಿದ್ದರು, ಕೋಳಿರೋಗ ಬಂದು ಗೂಡೇ ಖಾಲಿಯಾದಾಗಲೂ ಹಾಕಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವಳಿಗೆ ಅವಳ ಹೇಂಟೆಗಳು ಹಾಗೆ. ಒಂದೊಂದರ ಗುಣಗಾನ ಕೇಳಿ ನನ್ನ ಕಿವಿ ತೂತಾಗುತ್ತಿತ್ತು.

ಮಕ್ಕಳಿಲ್ಲ ಅವಳಿಗೆ, ಮದುವೆಯೇ ಆಗಲಿಲ್ಲ. ಅಪ್ಪ ಅಮ್ಮ ಹೋದಾಗ ತಮ್ಮ ಇನ್ನೂ ಎಳೆಯವನು, ಅವನನ್ನು ಯಾರ ಮನೆಯ ಜಗಲಿಯಲ್ಲಿ ಬಿಟ್ಟು ಹೋಗುವುದು ಎಂದು ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಕಳಿಸಿದ್ದಳು. ಆ ತಮ್ಮ ಬೆಳೆದು ಮುಂಬೈಗೆ ಹೋಗಿ ಹೋಟೆಲಿನಲ್ಲಿದ್ದ. "ನನ್ ತಮ್ಮ ಬತ್ತ, ಈ ಸಲ ಹೆಣ್ಣ್ ಕಾಂಬುದೇ" ಎಂದು ಪ್ರತಿ ವರ್ಷ ಹೇಳುವಳು. ಒಂದು ವರ್ಷ ಅವನು ನಿಜವಾಗಿಯೂ ಬಂದ. ಬಂದವನನ್ನು ಅವಳು ಮೊದಲು ಕರೆದುಕೊಂಡು ಬಂದದ್ದು ಹೆಣ್ಣಿನ ಮನೆಗಲ್ಲ, ನಮ್ಮ ಆಸ್ಪತ್ರೆಗೆ.

ಆ ದಿನ ಗೇಟಿನಲ್ಲಿ ಕೂಗಲಿಲ್ಲ. ಹಿಂದೆ ಅವನು ನಿಂತಿದ್ದ. ಚಂದದ ಹುಡುಗ ಎಂದು ಅವಳು ಹೊಗಳುತ್ತಿದ್ದದ್ದು ಸುಳ್ಳಲ್ಲ, ಆದರೆ ಅಂಗಿ ಹ್ಯಾಂಗರಿಗೆ ತೂಗಿಸಿದ ಹಾಗೆ ಹೆಗಲಿನಲ್ಲಿ ಜೋಲುತ್ತಿತ್ತು. ಮುಂಬೈಯಲ್ಲೇ ಕ್ಷಯವೆಂದು ಗೊತ್ತಾಗಿತ್ತಂತೆ. ಸ್ವಲ್ಪ ತಿಂಗಳು ಮಾತ್ರೆ ತಿಂದು, ಕೆಮ್ಮು ಕಡಿಮೆಯಾಯಿತೆಂದು ಅರ್ಧಕ್ಕೆ ಬಿಟ್ಟಿದ್ದ. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಷಯದ ರೋಗಾಣುವಿನ ಕೆಂಪು ಕಡ್ಡಿಗಳು ರಾಶಿ ರಾಶಿ.

ಡಾಕ್ಟರು ಅವಳನ್ನು ಕೂರಿಸಿ ಬಿಡಿಸಿ ಹೇಳಿದರು. ಅರ್ಧಕ್ಕೆ ಮಾತ್ರೆ ಬಿಟ್ಟವರಲ್ಲಿ ರೋಗಾಣುವಿಗೆ ಔಷಧಿ ಅಭ್ಯಾಸವಾಗಿಬಿಡುವುದುಂಟು, ಮತ್ತೆ ಅದೇ ಮಾತ್ರೆಗೆ ಅದು ಬಗ್ಗುವುದಿಲ್ಲ. ಈಗ ಮಾಮೂಲಿ ಮಾತ್ರೆ ಶುರು ಮಾಡೋಣ. ಅಡುಗೆ ಮಾಡಿಟ್ಟ ಬಾಟಲಿಗಳು ಮುಗಿದಿವೆ, ಎರಡು ವಾರ ಬಿಟ್ಟು ಹೊಸ ಮೊಟ್ಟೆಯಲ್ಲಿ ಮಾಡಿ, ಆಗ ಕಫವನ್ನು ಬಾಟಲಿಗೆ ಹಾಕಿ ಬೆಳೆಸೋಣ. ಬೆಳೆದರೆ ಯಾವ ಔಷಧಿಗೆ ಸಾಯುತ್ತದೆ ಎಂದು ಪರೀಕ್ಷೆ ಮಾಡಬಹುದು. ಬೆಳೆಯದಿದ್ದರೆ ನಾವು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

"ಹಂಗಾರೆ ಬೆಳಿಲಿ" ಎಂದಳು. "ನನ್ ಕೋಳಿ ಮೊಟ್ಟಿ ತಿಂದೇ ಬೆಳಿಲಿ. ಒಳ್ಳೊಳ್ಳೇದ್ ಆರ್ಸಿ ತತ್ತೆ."

ಅಂದಿನಿಂದ ಅವಳ ಕೂಗೇ ಬದಲಾಯಿತು. ಬಂದವಳು ಡಬ್ಬಿ ಕೆಳಗಿಡುವ ಮೊದಲೇ "ಮೊಳ್ಕಿ ಬಂತಾ ಹೆಣ್ಣೇ?" ಎಂದು ಕೇಳುವಳು. ಗದ್ದೆಗೆ ಬಿತ್ತಿದ ಬೀಜವೋ ಎಂಬ ಹಾಗೆ. ಇಲ್ಲ ಎಂದರೆ ಮುಖ ಸಪ್ಪಗೆ ಮಾಡಿಕೊಂಡು ಹೋಗುವಳು. ಒಂದು ದಿನ ಹೇಳಿದಳು, "ಕೊಲ್ಲೂರಮ್ಮಂಗೆ ಹರ್ಕಿ ಹೇಳ್ಕಂಡಿದೆ. ಒಂದ್ಸಲ ಮೊಳ್ಕಿ ಬರ್ಲಿ, ತಮ್ಮನ್ ಕರ್ಕಂಡ್ ಬತ್ತೆ ಅಂದೇಳಿ." ಕ್ಷಯದ ರೋಗಾಣು ಚೆನ್ನಾಗಿ ಬೆಳೆಯಲಿ ಎಂದು ದೇವಿಗೆ ಹರಕೆ ಹೊತ್ತವಳು ಈ ಸೀಮೆಯಲ್ಲಿ ಇವಳೊಬ್ಬಳೇ ಇರಬೇಕು. ನಾನು ನಕ್ಕೆ. ಅವಳೂ ನಕ್ಕಳು, ಆದರೆ ಕಣ್ಣು ನಗಲಿಲ್ಲ.

ಆ ದಿನಗಳಲ್ಲಿ ಅವಳು ತರುತ್ತಿದ್ದ ಮೊಟ್ಟೆ ಒಡೆದರೆ ಒಳಗಿನ ಹಳದಿ ಕಡುಕೆಂಪು, ಕುಂಕುಮ ಕಲಸಿದ ಹಾಗೆ. ಊರಕೋಳಿಯ ಹಳದಿ ಕೆಂಪಿಗಿರುವುದೇ ಹೌದು, ಇದು ಮಾತ್ರ ಒಂದು ಕೈ ಹೆಚ್ಚು. ಹೇಳಿದ್ದಕ್ಕೆ ಅವಳಿಗೆ ಜಂಬವೋ ಜಂಬ. "ಹೊಳಿ ಬದಿ ಹುಳ ಹೆರ್ಕಿ ತಿಂಬ ಕೋಳಿ ಅಲ್ದಾ, ಪೇಟಿಯರಿಗೆ ಇಂಥಾ ಮೊಟ್ಟಿ ಎಲ್ಲ್ ಸಿಕ್ಕತ್ತ್?" ಎಂದಳು. ನಾನೂ ಹೌದೌದು ಎಂದೆ.

ಮೊಳಕೆ ಬರಲಿಲ್ಲ. ತಿಂಗಳು ಕಳೆಯಿತು, ಎರಡಾಯಿತು, ಬಾಟಲಿಯ ಮೈ ಹಾಕಿದ ದಿನದ ಹಾಗೆಯೇ ನುಣ್ಣಗಿತ್ತು. ಮಾತ್ರೆಗೆ ರೋಗಾಣು ಸತ್ತಿರಬಹುದು, ಸತ್ತದ್ದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ ಆದರೆ ಬೆಳೆಯುವುದಿಲ್ಲ, ಹಾಗಿದ್ದರೆ ಒಳ್ಳೆಯದೇ ಎಂದರು ಡಾಕ್ಟರು. ಆದರೆ ಅವನ ಜ್ವರ ಇಳಿಯುತ್ತಿರಲಿಲ್ಲ, ಕೆಮ್ಮು ನಿಲ್ಲುತ್ತಿರಲಿಲ್ಲ, ಮೈ ಕರಗುತ್ತಲೇ ಇತ್ತು. ಎರಡನೇ ಸಲ ಕಫ ಹಾಕಿದೆವು. ಈ ನಡುವೆ ಬೇರೆ ರೋಗಿಗಳ ಬಾಟಲಿಗಳಲ್ಲೂ ಏನೂ ಬೆಳೆಯದ್ದು ಕಂಡು ಡಾಕ್ಟರ ಹುಬ್ಬು ಗಂಟಾಯಿತು. ಅಡುಗೆ ಸರಿಯಾಗಿದೆಯೋ ಎಂದು ನೋಡಲು ಪ್ರತಿ ಲ್ಯಾಬಿನಲ್ಲೂ ಸಾಕಿಕೊಂಡ ಒಂದು ರೋಗಾಣು ಇರುತ್ತದೆ. ಅದರ ಗುಣವೆಲ್ಲ ಗೊತ್ತಿರುತ್ತದೆ, ಹೊಸ ಅಡುಗೆಯನ್ನು ಅದಕ್ಕೂ ಬಡಿಸಿ ನೋಡುವುದು ಕ್ರಮ. ನಮ್ಮಲ್ಲಿದ್ದ ಆ ಹಳೆಯ ರೋಗಾಣು, ಎಂಥ ಕೆಟ್ಟ ಅಡುಗೆಗೂ ಬೆಳೆಯುತ್ತಿದ್ದದ್ದು, ಅದೂ ಈ ಬಾಟಲಿಗಳಲ್ಲಿ ಸತ್ತುಹೋಗಿತ್ತು.

ಬಿಸಿ ಹೆಚ್ಚಾಯಿತೋ, ನೀರು ಕೆಟ್ಟಿತ್ತೋ, ಹಸಿರು ಬಣ್ಣ ಜಾಸ್ತಿಯಾಯಿತೋ ಎಂದು ಒಂದೊಂದಾಗಿ ನೋಡಿದೆವು. ಎಲ್ಲ ಸರಿಯಿತ್ತು. ಕೊನೆಗೆ ಉಳಿದದ್ದು ಮೊಟ್ಟೆ. "ಹೋಗಿ ಕೋಳಿಗಳನ್ನು ನೋಡಿಕೊಂಡು ಬಾ" ಎಂದರು ಡಾಕ್ಟರು. "ಅವಳು ಮದ್ದು ಹಾಕುವವಳಲ್ಲ, ಗೊತ್ತು. ಆದರೂ ನೋಡು."

ಗುಲ್ವಾಡಿಯ ಬಸ್ಸಿಳಿದು ಹೊಳೆಯ ಬದಿಗೆ ನಡೆದೆ. ಮಧ್ಯಾಹ್ನದ ಹೊತ್ತು. ಅಂಗಳದಲ್ಲಿ ಅವಳ ಹೆಸರಾಂತ ಹೇಂಟೆಗಳು ಮಣ್ಣು ಕೆದಕುತ್ತಿದ್ದವು. ಅಲ್ಲಲ್ಲಿ ಬಿದ್ದ ಅವುಗಳ ಹಿಕ್ಕೆ ಕಿತ್ತಳೆ ಬಣ್ಣಕ್ಕಿತ್ತು. ಆ ಬಣ್ಣ ನನಗೆ ಗುರುತಿನದೇ, ಆದರೆ ಎಲ್ಲಿ ಕಂಡದ್ದೆಂದು ತಟ್ಟನೆ ಹೊಳೆಯಲಿಲ್ಲ. ಮನೆಯ ಬದಿಯಿಂದ ಸುತ್ತಿ ಬಂದೆ. ತಮ್ಮ ಜಗಲಿಯಲ್ಲಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಅವಳು ಎದುರು ನಿಂತು ಮಾತ್ರೆಗಳನ್ನು ಅಂಗೈಗೆ ಹಾಕಿ, ನೀರು ಕೊಟ್ಟು, ಅವನು ಬಾಯಿಗೆ ಹಾಕಿಕೊಂಡದ್ದನ್ನು ನೋಡಿ, ಮೀನಿನ ಸಾರು ತರಲು ಒಳಗೆ ಹೋದಳು. ಅವಳು ಬೆನ್ನು ತಿರುಗಿಸಿದ್ದೇ ತಡ, ಅವನು ಬಾಯಿಂದ ಎಲ್ಲವನ್ನೂ ಕೈಗೆ ಉಗುಳಿ, ಪಕ್ಕದಲ್ಲಿದ್ದ ಕೋಳಿತವುಡಿನ ಮಡಕೆಗೆ ಹಾಕಿ ಬೆರಳಲ್ಲಿ ಹಿಚುಕಿ ಕಲಸಿದ. ತವುಡು ಕೆಂಪಾಯಿತು.

ಕ್ಷಯದ ಮಾತ್ರೆಗಳಲ್ಲಿ ಒಂದು ಕೆಂಪಿನದು. ಅದನ್ನು ತಿಂದವರ ಮೂತ್ರ, ಬೆವರು, ಕಣ್ಣೀರು ಎಲ್ಲ ಕಿತ್ತಳೆಯಾಗುತ್ತದೆ. ಆ ಹಿಕ್ಕೆ, ಆ ಕೆಂಪು ಹಳದಿ… ಅವನು ತಿನ್ನಬೇಕಾದ ಔಷಧಿಯನ್ನು ಕೋಳಿಗಳು ತಿನ್ನುತ್ತಿದ್ದವು. ಅವುಗಳ ಮೊಟ್ಟೆ ನಮ್ಮ ಬಾಟಲಿಗೆ ಬರುತ್ತಿತ್ತು. ಅವನೊಳಗೆ ಸಾಯಬೇಕಾದದ್ದು ಬಾಟಲಿಯಲ್ಲಿ ಸಾಯುತ್ತಿತ್ತು, ಬಾಟಲಿಯಲ್ಲಿ ಬೆಳೆಯಬೇಕಾದದ್ದು ಅವನೊಳಗೆ ಬೆಳೆಯುತ್ತಿತ್ತು.

"ಹ್ವಾಯ್! ಎಂತ ಮಾಡ್ತಿದ್ದೆ ನೀ? ಮಂಡಿ ಸಮ ಇತ್ತಾ ನಿಂಗೆ?" ಎಂದು ಕಿರುಚಿಬಿಟ್ಟೆ. ಆ ಕೇರಿಗೆಲ್ಲ ಕೇಳಿಸಿರಬೇಕು.

ಅವನು ಬೆಚ್ಚಿ ನೋಡಿದ. ಕೈ ಇನ್ನೂ ತವುಡಿನಲ್ಲೇ ಇತ್ತು. "ಮೆಲ್ಲ ಮಾತಾಡಿ, ಅಕ್ಕಂಗೆ ಕೇಂತ್" ಎಂದ. ಆಮೇಲೆ ತಲೆ ತಗ್ಗಿಸಿ ಹೇಳಿದ, "ಮಾತ್ರಿ ನುಂಗ್ರೆ ಉಂಡದ್ದ್ ಒಂದ್ ಅಗ್ಳೂ ಹೊಟ್ಟಿಯಂಗೆ ನಿಲ್ಲುದಿಲ್ಲ, ಎಲ್ಲ ಕಾರ್ತೆ. ಅವ್ಳ್ ಬಿಸ್ಲಂಗೆ ಮೀನ್ ಮಾರಿ ಬಂದ್, ಒಲಿ ಎದ್ರ್ ಕೂಕಂಡ್ ನಂಗೇಳಿ ಅಡ್ಗಿ ಮಾಡ್ತಳ್. ಕಾರ್ರೆ ಅವ್ಳ್ ಮುಖ ಕಾಂಬುಕಾತಿಲ್ಲ. ಉಂಡ್ರೆ ಎಷ್ಟ್ ಖುಷಿ ಆತ್ತ್ ಗೊತ್ತಿತ್ತಾ ಅವ್ಳಿಗೆ…"

ಬಾಗಿಲಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಸಾರಿನ ಪಾತ್ರೆ. ಯಾವಾಗ ಬಂದಳೋ, ಎಷ್ಟು ಕೇಳಿದಳೋ. ಈಗ ಅವನಿಗೆ ಮಂಗಳಾರತಿ ಆಗುತ್ತದೆ ಎಂದುಕೊಂಡೆ. ಆಗಲಿಲ್ಲ. ಅವಳು ಪಾತ್ರೆಯನ್ನು ಕೆಳಗಿಟ್ಟು, ಅವನ ಮುಂದಿನ ತಟ್ಟೆಯನ್ನು ತೆಗೆದು ದೂರ ಸರಿಸಿದಳು. ಅವನ ಎದುರು ಕುಕ್ಕರುಗಾಲಲ್ಲಿ ಕೂತಳು.

"ನಾ ಮಾಡಿದ್ದ್ ಉಣ್ಬೇಡ ಮಗಾ" ಎಂದಳು. "ಮಾತ್ರಿ ನುಂಗ್. ಕಾರ್ರೆ ಕಾರ್, ನಾ ಬಾಚ್ತೆ."

ಅಷ್ಟೇ. ಒಳಗೆ ಹೋಗಿ ಮಾತ್ರೆಯ ಇನ್ನೊಂದು ಹಾಳೆ ತಂದಳು. ಅವನು ನುಂಗಿ ಬಾಯಿ ತೆರೆದು ತೋರಿಸಿದ, ಚಿಕ್ಕ ಮಗುವಿನ ಹಾಗೆ. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಅಳುತ್ತ ಕುಂದಾಪುರಕ್ಕೆ ಬಂದೆ. ಯಾರು ಯಾರಿಗೆ ಬೈಯಬೇಕು ಹೇಳಿ. ಅವಳು ಪ್ರೀತಿಯಿಂದ ಬಡಿಸಿದಳು, ಇವನು ಪ್ರೀತಿಗೆ ಉಂಡ.

ಡಾಕ್ಟರಿಗೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಸ್ವಲ್ಪ ಬೆಳಕು ಬಂತು. "ಹಾಗಾದರೆ ಇದು ಔಷಧಿಗೆ ಬಗ್ಗದ ಜಾತಿಯೇ ಅಲ್ಲವೋ ಏನೋ. ಅವನು ಔಷಧಿಯನ್ನೇ ತಿಂದಿಲ್ಲವಲ್ಲ!" ಎಂದರು. ವಾಂತಿ ತಡೆಯಲು ಬೇರೆ ಮಾತ್ರೆ ಬರೆದರು. ಹೊಸ ಅಡುಗೆಗೆ ಕೊಕ್ಕರ್ಣೆಯ ನನ್ನ ತವರಿನಿಂದ ಅಮ್ಮನ ಕೋಳಿಗಳ ಮೊಟ್ಟೆ ತಂದೆ. ಅವನ ಕಫವನ್ನು ಮತ್ತೆ ಹಾಕಿದೆವು. ಅವನು ನಿಜವಾಗಿ ಮಾತ್ರೆ ನುಂಗತೊಡಗಿದ. ಮೊದಲು ದಿನಾ ಕಾರುತ್ತಿದ್ದ, ಆಮೇಲೆ ಕಡಿಮೆಯಾಯಿತು, ಗಂಜಿ ನಿಲ್ಲತೊಡಗಿತು. ಜ್ವರವೂ ಇಳಿಯಿತು ಎಂದು ಅವಳು ಗೇಟಿನಿಂದಲೇ ಕೂಗಿ ಹೇಳಿದ ದಿನ ನಾನು ಮೆಲ್ಲ ಮಾತಾಡು ಎನ್ನಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಔಷಧಿ ಹೊಟ್ಟೆಗೆ ಹೋಗದ ಆ ತಿಂಗಳುಗಳಲ್ಲಿ ಅವನ ಶ್ವಾಸಕೋಶ ಜಾಲರಿಯಾಗಿತ್ತು. ಒಂದು ಬೆಳಿಗ್ಗೆ ಮುಖ ತೊಳೆಯಲು ಅಂಗಳಕ್ಕಿಳಿದವನು ರಕ್ತ ಕಾರಿದನಂತೆ. ಅವಳು ಬಾಚಿ ಹಿಡಿದುಕೊಂಡು ಕೂತಳು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನು ಸತ್ತ ಮೇಲೆ ಬಾಟಲಿಯಲ್ಲಿ ಬೆಳೆಯಿತು. ಹೂಕೋಸಿನ ಹಾಗೆ ಕೆನೆಬಣ್ಣದ ಗಂಟುಗಂಟು, ಅಷ್ಟು ಸೊಕ್ಕಿ ಬೆಳೆದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಯಾವ ಔಷಧಿಗೆ ಸಾಯುತ್ತದೆ ಎಂದು ಪರೀಕ್ಷೆಗೂ ಹಾಕಿದೆವು. ಎಲ್ಲದಕ್ಕೂ ಸತ್ತಿತು. ಅತೀ ಮಾಮೂಲಿ ಮಾತ್ರೆಗೂ. ಫಲಿತಾಂಶ ಓದಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ತವನ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ನಾನು ಮಾಡಿದೆ. ಪೆದ್ದ, ಪೆದ್ದ ಎಂದು ಒಬ್ಬಳೇ ಕೋಣೆಯಲ್ಲಿ ಬೈದು ಅತ್ತೆ.

ಉತ್ತರಕ್ರಿಯೆ, ಬೊಜ್ಜವೆಲ್ಲ ಮುಗಿದು, ಮಳೆ ಹಿಡಿದ ಮೇಲೆ ಒಂದು ದಿನ ಅವಳು ಬಂದಳು. ಬುಟ್ಟಿಯಿಲ್ಲ, ಡಬ್ಬಿಯಿಲ್ಲ. ಕೂಗಲೂ ಇಲ್ಲ. ಲ್ಯಾಬಿನ ಮೆಟ್ಟಿಲಲ್ಲಿ ಬಂದು ನಿಂತವಳನ್ನು ನಾನೇ ನೋಡಿ ಹೊರಗೆ ಬಂದೆ.

"ಮೊಳ್ಕಿ ಬಂತಾ?" ಎಂದಳು.

"ಬಂತ್ ಅಕ್ಕ."

"ಯಾವ್ ಮದ್ದಿಗೆ ಸಾಯ್ತಿತ್ತ್ ಅಂಬ್ರ್?"

ಸುಳ್ಳು ಹೇಳಬಹುದಿತ್ತು. ಯಾವುದಕ್ಕೂ ಸಾಯುತ್ತಿರಲಿಲ್ಲ ಎಂದಿದ್ದರೆ ಅವಳ ಹೊಟ್ಟೆಯ ಉರಿ ಸ್ವಲ್ಪ ತಣ್ಣಗಾಗುತ್ತಿತ್ತೋ ಏನೋ. ಆದರೆ ಆ ಮುಖ ನೋಡಿ ಸುಳ್ಳು ಬರಲಿಲ್ಲ. "ಎಲ್ಲದಕ್ಕೂ ಅಕ್ಕ. ಆ ಕೆಂಪ್ ಮಾತ್ರಿಗೂ" ಎಂದೆ.

ಅವಳು ಮೆಟ್ಟಿಲಲ್ಲೇ ಕೂತಳು. ಛಾವಣಿಯ ನೀರು ಅವಳ ಸೆರಗಿಗೆ ಬೀಳುತ್ತಿತ್ತು, ಸರಿಯಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. "ಅದನ್ ಕಾಂಬುಕಾತ್ತಾ?" ಎಂದು ಕೇಳಿದಳು.

ಹೊರಗಿನವರನ್ನು ಆ ಕೋಣೆಗೆ ಬಿಡುವಂತಿಲ್ಲ. ಬಾಟಲಿಯ ಮುಚ್ಚಳ ಬಿಗಿಯಾಗಿದೆಯೋ ಎಂದು ಎರಡೆರಡು ಸಲ ತಿರುಗಿಸಿ ನೋಡಿ, ಬಾಗಿಲ ಬಳಿ ತಂದೆ. ಮುಟ್ಟಬೇಡ ಎನ್ನುವಷ್ಟರಲ್ಲಿ ಅವಳು ಕೈಗೆ ತೆಗೆದುಕೊಂಡಾಗಿತ್ತು.

"ಬಿಸಿ ಇತ್ತಲೇ…" ಎಂದಳು.

"ಮೈ ಬಿಸಿಯಷ್ಟೇ ಬಿಸಿಯಂಗೆ ಇಡುದ್ ಅಕ್ಕ. ಇಲ್ದಿರ್ ಬೆಳಿಯುದಿಲ್ಲ."

"ಜೀವ ಇತ್ತಾ ಇದ್ಕೆ ಈಗ್ಲೂ?"

"ಇತ್ತ್."

"ಅವ್ನ್ ಎದಿ ಒಳ್ಗಿದ್ದದ್ದೇ ಅಲ್ದಾ?"

"ಹೌದ್."

ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು. ಇನ್ನು ಇದನ್ನು ಏನು ಮಾಡುತ್ತೀರಿ ಎಂದು ಕೇಳಿದಳು. ಕುಕ್ಕರಿನ ಹಾಗೆ ದೊಡ್ಡ ಪಾತ್ರೆ ಇದೆ, ಅದರಲ್ಲಿ ಬೇಯಿಸಿ ಎಸೆಯುವುದು ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಒಂದ್ಸಲ ಸುಟ್ಟಾಯ್ತಲೇ ಅವ್ನನ್ನ. ಇನ್ನೊಂದ್ಸಲ ಎಂತಕ್ಕೆ ಹೆಣ್ಣೇ?"

ನನಗೆ ತಡೆಯಲಾಗಲಿಲ್ಲ. ದುಃಖವೋ ಸಿಟ್ಟೋ, "ಎಂತ ಮಾತಾಡ್ತೆ ಅಕ್ಕ? ಅವ್ನನ್ ತಿಂದದ್ದೇ ಇದ್!" ಎಂದು ಗದರಿದೆ.

"ಗೊತ್ತಿತ್ತ್" ಎಂದಳು. "ತಿಂದಿತ್ತ್ ಅಲ್ದಾ? ಹಂಗಾರೆ ಅವ ಇದ್ರ್ ಹೊಟ್ಟಿ ಒಳ್ಗೇ ಅಲ್ದಾ ಇಪ್ಪುದ್?"

ಒಳಗಿನಿಂದ ಡಾಕ್ಟರು ಎಲ್ಲ ಕೇಳಿಸಿಕೊಂಡಿದ್ದರು. ಬಂದು, ಅವಳನ್ನು ನೋಡದೆ ನನ್ನನ್ನು ನೋಡಿ ಹೇಳಿದರು: "ನಮ್ಮ ಹಳೆಯ ರೋಗಾಣು ಸತ್ತುಹೋಗಿದೆಯಲ್ಲ. ಅಡುಗೆ ನೋಡಲು ನಮಗೊಂದು ಬೇಕು. ಎಲ್ಲ ಔಷಧಿಗೂ ಬಗ್ಗುವ ಇಂಥದ್ದೇ ಒಳ್ಳೆಯದು. ಇದನ್ನು ಇಟ್ಟುಕೊಳ್ಳೋಣ." ಕೆಲಸದ ಮಾತೇ ಹೌದು.

ಹಾಗೆ ಅವನದು ಉಳಿಯಿತು. ಬಾಟಲಿಯ ಊಟ ಮುಗಿಯುವ ಮೊದಲು ಹೊಸ ಬಾಟಲಿಗೆ ದಾಟಿಸಬೇಕು, ಇಲ್ಲದಿದ್ದರೆ ಸಾಯುತ್ತದೆ. ಹಳೆಯ ಕೋಳಿಗಳನ್ನೆಲ್ಲ ಕೊಟ್ಟುಬಿಟ್ಟು, ಹೊಸ ಮರಿ ಸಾಕಿ, ಅವಳು ಮತ್ತೆ ಮೊಟ್ಟೆ ತರತೊಡಗಿದಳು. ಮೊಳಕೆಯ ಮಾತು ನಿಂತಿತು. ಈಗ ಕೇಳುವುದು ಒಂದೇ: "ಉಂಡಿತಾ?" ನಾನು "ಹೊಟ್ಟಿ ತುಂಬ ಉಂಡಿತ್ತ್ ಅಕ್ಕ" ಎನ್ನುವೆ. ಅವಳ ಮುಖ ಒಂದು ಚೂರು ಅರಳುವುದು. ಅವನು ಹೇಳಿದ್ದ ಆ ಖುಷಿ ಇದೇ ಇರಬೇಕು ಎಂದು ನನಗೆ ಅನ್ನಿಸುತ್ತಿತ್ತು. ಇದು ಸರಿಯೋ ತಪ್ಪೋ ನಾನು ಯಾವತ್ತೂ ತೂಗಿ ನೋಡಲಿಲ್ಲ. ನನಗೆ ಮದುವೆಯಾಯಿತು, ಮಕ್ಕಳಾದವು. ಮಗ ಊಟ ಮಾಡದೆ ಹಠ ಹಿಡಿದಾಗ ಅವಳ ನೆನಪಾಗಿ ಬಡಿಸಿದ ತಟ್ಟೆ ಸುಮ್ಮನೆ ತೆಗೆದಿಟ್ಟದ್ದುಂಟು.

ಆಮೇಲೆ ಕಂಪನಿಯ ಸಿದ್ಧ ಬಾಟಲಿಗಳು ಬಂದವು. ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಚೀಲದ ಜೊತೆ ಬರುತ್ತವೆ, ಮೊಟ್ಟೆ ಒಡೆಯುವ ಕೆಲಸವಿಲ್ಲ. ಇನ್ನು ಮೊಟ್ಟೆ ಬೇಡ ಎಂದು ಅವಳಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು. ಅವಳು ಒಂದು ಬಾಟಲಿಯನ್ನು ತಿರುಗಿಸಿ ನೋಡಿ, "ಪ್ಯಾಕೆಟ್ ಊಟ್ವಾ ಇನ್ ಅವ್ನಿಗೆ?" ಎಂದಳು. "ಇರ್ಲಿ ಬಿಡ್. ಮುಂಬೈಯಂಗೂ ಹೋಟ್ಲೂಟ, ಇಲ್ಲೂ ಹೋಟ್ಲೂಟ. ಅವ್ನ್ ಹಣಿಲಿ ಬರ್ದದ್ದೇ ಅಷ್ಟ್." ನಕ್ಕಳು. ತಮ್ಮ ಸತ್ತ ಮೇಲೆ ಅವಳು ಬಾಯಿ ಬಿಟ್ಟು ನಕ್ಕದ್ದು ಅದೊಂದೇ ಸಲ ನಾನು ಕಂಡದ್ದು.

ಮತ್ತೆ ಅವಳು ಬರುವುದು ಕಡಿಮೆಯಾಯಿತು. ಮೊಣಕಾಲು ನೋವು, ಬುಟ್ಟಿ ಹೊರಲು ಆಗುತ್ತಿರಲಿಲ್ಲ. ಸಿಕ್ಕಿದರೆ ಬಸ್‌ಸ್ಟ್ಯಾಂಡಿನಲ್ಲಿ, ಆಗಲೂ ಅದೇ "ಉಂಡಿತಾ?" ಎಂಬ ಪ್ರಶ್ನೆ. ಹೋದ ವರ್ಷ ಗುಲ್ವಾಡಿಯ ಹೆಂಗಸೊಬ್ಬಳು ರಕ್ತಪರೀಕ್ಷೆಗೆ ಬಂದವಳು ಮಾತಿಗೆ ಮಾತು ಬಂದು ಹೇಳಿದಳು, ಆ ಮೊಟ್ಟೆ ತರುತ್ತಿದ್ದವಳು ಹೋಗಿ ತಿಂಗಳಾಯಿತು ಎಂದು. ಮಲಗಿದಲ್ಲೇ ಹೋದಳಂತೆ. ನನಗೆ ಹೇಳಿ ಕಳಿಸುವವರು ಅಲ್ಲಿ ಯಾರಿದ್ದರು? ಅವಳ ಮುಖ ಕೊನೆಗೊಮ್ಮೆ ನೋಡಲಾಗಲಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಈಗ ಕಫವನ್ನು ಯಂತ್ರಕ್ಕೆ ಕೊಟ್ಟರೆ ಚಹಾ ಕುಡಿದು ಬರುವಷ್ಟರಲ್ಲಿ ಕ್ಷಯ ಹೌದೋ ಅಲ್ಲವೋ, ಆ ಕೆಂಪು ಮಾತ್ರೆಗೆ ಬಗ್ಗುತ್ತದೋ ಇಲ್ಲವೋ ಎಲ್ಲ ಹೇಳಿಬಿಡುತ್ತದೆ. ಒಳ್ಳೆಯದೇ. ಆಗ ಇದು ಇದ್ದಿದ್ದರೆ… ಇರಲಿ, ಆ ಲೆಕ್ಕ ಹಾಕಿ ಉಪಯೋಗವಿಲ್ಲ. ಬೆಳೆಸಿ ನೋಡಬೇಕಾದ ಕಫವನ್ನು ಈಗ ದೊಡ್ಡ ಲ್ಯಾಬಿಗೆ ಕಳಿಸುತ್ತೇವೆ. ನಮ್ಮ ಡಾಕ್ಟರು ನಿವೃತ್ತರಾಗಿ ಊರಿಗೆ ಹೋದರು. ಕ್ಷಯ ಬೆಳೆಸುವ ಕೋಣೆಯನ್ನು ಮುಚ್ಚುವುದೆಂದೂ, ಹಳೆಯ ಬಾಟಲಿಗಳನ್ನೆಲ್ಲ ನಾಶ ಮಾಡಬೇಕೆಂದೂ ಈ ವಾರ ಆಜ್ಞೆಯಾಯಿತು.

ಸಣ್ಣ ಹುಡುಗಿಯರಿದ್ದಾರೆ ಲ್ಯಾಬಿನಲ್ಲಿ, ನಾವು ಮಾಡುತ್ತೇವೆ ಮೇಡಂ ಎಂದರು. ಬೇಡ ಎಂದು ಗದರಿದೆ. ಒಂದೊಂದೇ ಬಾಟಲಿಯನ್ನು ತಂತಿಬುಟ್ಟಿಯಲ್ಲಿ ಜೋಡಿಸಿದೆ. ಅವನದನ್ನು ಕೊನೆಗೆ ಇಟ್ಟೆ. ಇಡುವ ಮೊದಲು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಉಣ್ಣಿಸಿದ್ದು ಅವಳು, ಹೆಚ್ಚು ಕಾಲ ಬಡಿಸಿದ್ದು ನಾನು. ಕೇಳುವವಳಿಲ್ಲ ಇನ್ನು ಉಂಡಿತಾ ಎಂದು. ಬುಟ್ಟಿಯನ್ನು ಆ ಕುಕ್ಕರಿನಂಥ ಪಾತ್ರೆಗೆ ಇಳಿಸಿ, ಮುಚ್ಚಳ ಹಾಕಿ, ತಿರುಪು ಬಿಗಿದು, ಸ್ವಿಚ್ಚು ಒತ್ತಿದೆ. ಹಬೆ ಏರುವ ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿದ್ದೆ.

ಸಂಜೆ ಮನೆಗೆ ಹೋದವಳು ಒಳಗೆ ಕಾಲಿಡಲಿಲ್ಲ. ಚಪ್ಪಲಿ ಅಂಗಳದಲ್ಲೇ ಬಿಟ್ಟು, ಹಿತ್ತಲಿನಿಂದ ಸುತ್ತಿಬಂದು, ಬಚ್ಚಲಿನಲ್ಲಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದುಕೊಂಡೆ. ಸುಡುಗಾಡಿನಿಂದ ಬಂದವರು ಮಾಡುವ ಸ್ನಾನ ಯಜಮಾನರಿಗೆ ಗೊತ್ತಾಗದೆ ಇರುತ್ತದೆಯೇ. ಬಾಗಿಲ ಹೊರಗೆ ನಿಂತು ಮೆಲ್ಲ ಕೇಳಿದರು, "ಯಾರ್ ಹೋದ್ರ್?"

"ಗುಲ್ವಾಡಿಯೋರ್" ಎಂದೆ. "ಅಕ್ಕ ತಮ್ಮ. ಇಬ್ರೂ."